ಫೋಟೋ ಅಲುಗಲಿ, ಕುಣಿಯದಿರಲಿ

ಓಡುವ ಬಸ್ಸಿನ ಕಿಟಕಿಯಿಂದ ನೋಡಿ. ರಸ್ತೆಬದಿಯ ಹುಣಸೆಮರ ಸರ್ರನೆ ಹಿಂದಕ್ಕೋಡುತ್ತದೆ, ಗದ್ದೆಯಾಚೆಯ ತೆಂಗು ನಿಧಾನಕ್ಕೆ ಸರಿಯುತ್ತದೆ, ದೂರದ ಗುಡ್ಡ ಮಾತ್ರ ನಮ್ಮ ಜೊತೆಗೇ ಬರುತ್ತಿದೆಯೇನೋ ಅನ್ನಿಸುತ್ತದೆ. ಹತ್ತಿರದ್ದು ಬೇಗ, ದೂರದ್ದು ನಿಧಾನ. ಪ್ಯಾರಲಾಕ್ಸ್ ಅಂದರೆ ಇಷ್ಟೇ. ಒಂದೇ ಒಂದು ಫೋಟೋದಿಂದ ಈ ಭ್ರಮೆ ಹುಟ್ಟಿಸುವುದಕ್ಕೆ ಎಡಿಟಿಂಗ್‌ನವರು 2.5ಡಿ ಅನ್ನುತ್ತಾರೆ. ಷಷ್ಟ್ಯಬ್ದಿ ವಿಡಿಯೋ ಮಾಡಿಸಲು ಬಂದವರು 'ಅಪ್ಪ ಅಮ್ಮನ ಆ ಫೋಟೋನ ಸ್ವಲ್ಪ 3ಡಿ ಥರ ಮಾಡಿಕೊಡಿ' ಅನ್ನುತ್ತಾರೆ.

ಕೆನ್ ಬರ್ನ್ಸ್ 1990ರ 'ದಿ ಸಿವಿಲ್ ವಾರ್' ಸರಣಿಯಲ್ಲಿ ಹಳೆಯ ಫೋಟೋಗಳ ಮೇಲೆ ಕ್ಯಾಮೆರಾ ಆಡಿಸಿ ಎಷ್ಟು ಹೆಸರು ಮಾಡಿದರೆಂದರೆ, ಆಪಲ್‌ನ ಐಮೂವಿಯಲ್ಲಿ ಅವರ ಹೆಸರಿನದೇ ಒಂದು ಎಫೆಕ್ಟ್ ಇದೆ. ಆದರೆ ಅಲ್ಲಿ ಇಡೀ ಫೋಟೋ ಒಂದೇ ಹಾಳೆಯಾಗಿ ಸರಿಯುತ್ತದೆ. ಫೋಟೋವನ್ನು ಪದರ ಪದರವಾಗಿ ಬಿಡಿಸಿ ನಡುವೆ ಕ್ಯಾಮೆರಾ ನಡೆಸುವ ಶೈಲಿ ಸಾಕ್ಷ್ಯಚಿತ್ರಗಳಲ್ಲಿ ಹಬ್ಬಿದ್ದು, ಹಾಲಿವುಡ್ ನಿರ್ಮಾಪಕ ರಾಬರ್ಟ್ ಎವನ್ಸ್ ಕುರಿತ 2002ರ 'ದಿ ಕಿಡ್ ಸ್ಟೇಸ್ ಇನ್ ದಿ ಪಿಕ್ಚರ್' ಬಂದ ಮೇಲೆ. ಇವತ್ತು ಅದೇ ಕೆಲಸ ಮನೆಯ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆ. ಹೊಸಬರು ಎಡವುವುದು ಕ್ಯಾಮೆರಾ ನಡೆಸುವುದರಲ್ಲಿ ಅಲ್ಲ, ಫೋಟೋದಲ್ಲಿರುವವರ ಬೆನ್ನ ಹಿಂದೆ. ಅಲ್ಲಿ ಏನಿದೆ ಎಂದು ಫೋಟೋಗೂ ಗೊತ್ತಿರುವುದಿಲ್ಲ, ನಾವು ಗೊತ್ತುಮಾಡಿಕೊಡಬೇಕು.

1. ಸಾಫ್ಟ್‌ವೇರ್ ತೆರೆಯುವ ಮೊದಲು ಫೋಟೋ ಆರಿಸಿ

ಮುಂದೊಂದು, ನಡುವೊಂದು, ಹಿಂದೊಂದು ವಸ್ತು ಇರಬೇಕು, ಅವುಗಳ ನಡುವೆ ಗಾಳಿ ಆಡುವಷ್ಟು ಜಾಗವಿರಬೇಕು. ಹಂಪಿಯ ಕಲ್ಲಿನ ರಥದ ಫೋಟೋ ಇದಕ್ಕೆ ಹೇಳಿ ಮಾಡಿಸಿದ್ದು. ಎದುರಿಗೆ ರಥ, ಹಿಂದೆ ಕಂಬಗಳ ಮಂಟಪ, ಅದರಾಚೆ ಬಂಡೆಗುಡ್ಡ, ಮೇಲೆ ಆಕಾಶ. ಮಂಜು ಕವಿದ ಕಾಫಿತೋಟವೂ ಒಳ್ಳೆಯದೇ. ದೂರ ಹೋದಂತೆ ಮರಗಳ ಬಣ್ಣ ತೆಳುವಾಗುವುದರಿಂದ ಪದರಗಳು ತಾವಾಗಿಯೇ ಬಿಡಿಸಿಟ್ಟ ಹಾಗೆ ಕಾಣುತ್ತವೆ.

ಸ್ಟುಡಿಯೋ ಪರದೆಗೆ ಅಂಟಿ ನಿಂತ ಮದುಮಕ್ಕಳು, ಗೋಡೆಗೊರಗಿ ಕೂತ ಅಜ್ಜ, ಇಂಥವು ಬೇಡ. ಬಲವಂತವಾಗಿ ಬಿಡಿಸಿದರೆ ಅಜ್ಜ ಥಿಯೇಟರ್ ಮುಂದಿನ ಕಟೌಟ್ ಆಗುತ್ತಾನೆ. ಶಾಲೆಯ ಗ್ರೂಪ್ ಫೋಟೋ ತಂದುಕೊಟ್ಟರೆ ಒಂದೊಂದು ತಲೆಯನ್ನೂ ಬೇರೆ ಮಾಡಲು ಹೋಗಬೇಡಿ. ನೆಲದ ಮೇಲೆ ಕೂತವರು, ಕುರ್ಚಿಯ ಮೇಲಿನ ಮೇಷ್ಟ್ರುಗಳು, ಹಿಂದೆ ಬೆಂಚು ಹತ್ತಿ ನಿಂತವರು: ಸಾಲಿಗೊಂದು ಪದರ ಸಾಕು.

2. ದೊಡ್ಡದಾಗಿ ಸ್ಕ್ಯಾನ್ ಮಾಡಿ

6×4 ಇಂಚಿನ ಪ್ರಿಂಟನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 3600×2400 ಪಿಕ್ಸೆಲ್ ಸಿಗುತ್ತದೆ. 1920×1080 ವಿಡಿಯೋದಲ್ಲಿ ಆರಾಮಾಗಿ ಓಡಾಡಲು ಅಷ್ಟು ಬೇಕು. ಮನೆಯವರು ಫೋಟೋ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್ ಆಗಿ ಕಳಿಸಿ' ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅದು ಹಿಂಡಿ ಕಳಿಸುತ್ತದೆ. ಅಂಟುಹಾಳೆಯ ಹಳೇ ಆಲ್ಬಮ್‌ನಿಂದ ಫೋಟೋ ಕೀಳಲು ಹೋಗಬೇಡಿ, ಹಿಂಬದಿ ಕಿತ್ತುಬರುತ್ತದೆ. ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಎತ್ತಿ, ಕಿಟಕಿಯ ಓರೆ ಬೆಳಕಿನಲ್ಲಿ ಮೇಲಿನಿಂದ ನೇರವಾಗಿ ಕ್ಯಾಮೆರಾ ಹಿಡಿದು ತೆಗೆಯಿರಿ.

3. ಪದರಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ

ಮೂರರಿಂದ ಐದು. ಅದಕ್ಕಿಂತ ಹೆಚ್ಚು ಪದರ ಮಾಡಿದ್ದು ನೋಡುವವರಿಗೆ ಗೊತ್ತಾಗುವುದಿಲ್ಲ, ನಿಮ್ಮ ಬೆನ್ನುನೋವಿಗೆ ಮಾತ್ರ ಗೊತ್ತಾಗುತ್ತದೆ.

4. ನೆಲದ ಕಥೆ ಬೇರೆ

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಮರ, ಮನುಷ್ಯ, ಗೋಪುರ ನೆಟ್ಟಗೆ ನಿಲ್ಲುವಂಥವು, ಕತ್ತರಿಸಿ ನಿಲ್ಲಿಸಬಹುದು. ನೆಲ ಹಾಗಲ್ಲ. ಅದು ನಮ್ಮ ಕಾಲಬುಡದಿಂದ ದಿಗಂತದವರೆಗೆ ಒಂದೇ ಸಮ ಹರಡಿಕೊಂಡಿರುತ್ತದೆ. ವ್ಯಕ್ತಿಯನ್ನು ಕತ್ತರಿಸಿ ಮುಂದೆ ತಂದು, ನೆಲವನ್ನು ಹಿನ್ನೆಲೆಯ ಜೊತೆಗೇ ಬಿಟ್ಟರೆ, ಕ್ಯಾಮೆರಾ ಸರಿದ ಕೂಡಲೇ ಆತ ಎಣ್ಣೆ ಚೆಲ್ಲಿದ ಮೊಸಾಯಿಕ್ ಮೇಲೆ ನಿಂತವನಂತೆ ಜಾರತೊಡಗುತ್ತಾನೆ.

ದಾರಿ ಮೂರು. ಎಲ್ಲಕ್ಕಿಂತ ಸುಲಭದ್ದು, ಪಾದ ಕಾಣದ ಹಾಗೆ ಮೊಣಕಾಲಿನ ಮೇಲಕ್ಕೆ ಫ್ರೇಮ್ ಕಟ್ಟುವುದು. ಎರಡನೆಯದು, ಪಾದದ ಸುತ್ತಲಿನ ಒಂದಿಷ್ಟು ನೆಲವನ್ನೂ ನೆರಳನ್ನೂ ವ್ಯಕ್ತಿಯ ಪದರದಲ್ಲೇ ಉಳಿಸಿಕೊಂಡು, ಆ ನೆಲದ ಅಂಚನ್ನು ಚೆನ್ನಾಗಿ ಮಸುಕು ಮಾಡುವುದು. ನೆರಳು ಮರೆಯಬೇಡಿ: ಮನುಷ್ಯ ಮುಂದೆ ಬಂದು ಅವನ ನೆರಳು ಹಿಂದೆಯೇ ಉಳಿದರೆ ನೋಡುವವರಿಗೆ ಏನೋ ತಪ್ಪಿದೆ ಎಂದು ತಕ್ಷಣ ಅನ್ನಿಸುತ್ತದೆ, ಏನೆಂದು ಹೇಳಲು ಬಾರದಿದ್ದರೂ. ಮೂರನೆಯದು ಸರಿಯಾದದ್ದು, ಆದರೆ ಕೆಲಸ ಜಾಸ್ತಿ. ನೆಲವನ್ನೇ ಪ್ರತ್ಯೇಕ ಪದರ ಮಾಡಿ, ಎಕ್ಸ್ ಅಕ್ಷದ ಮೇಲೆ ತಿರುಗಿಸಿ ಚಾಪೆಯಂತೆ ಮಲಗಿಸಿ, ಅದರ ಮುಂದಂಚನ್ನು ವ್ಯಕ್ತಿಯ ಪಾದಕ್ಕೂ ಹಿಂದಂಚನ್ನು ಹಿನ್ನೆಲೆಯ ಬುಡಕ್ಕೂ ತಾಗಿಸುವುದು. ರಥದ ಮುಂದಿನ ಚಪ್ಪಡಿ ಅಂಗಳದಂಥ ಫೋಟೋ ಸಿಕ್ಕಿದರೆ ಈ ಶ್ರಮ ಸಾರ್ಥಕ, ಚಪ್ಪಡಿಗಳ ಸಂದುಗಳು ಒಂದೊಂದೂ ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ.

5. ಒಂದೆರಡು ಪಿಕ್ಸೆಲ್ ಒಳಗೆ ಕತ್ತರಿಸಿ

ಅಂಚಿನ ಹೊರಗೆ ಕತ್ತರಿಸಿದರೆ ಹಳೆಯ ಹಿನ್ನೆಲೆಯ ಬಿಳಿ ಗೆರೆ ವ್ಯಕ್ತಿಯ ಸುತ್ತ ಪ್ರಭಾವಳಿಯಂತೆ ಅಂಟಿಕೊಳ್ಳುತ್ತದೆ. ಕಲ್ಲು, ಕಂಬ, ಪೇಟದಂಥ ಗಟ್ಟಿ ಅಂಚಿಗೆ ಪೆನ್ ಟೂಲ್, ಕೂದಲಿಗೆ ಬ್ರಷ್. ಅಂಚಿನ ಮಸುಕು (ಫೆದರ್) ಎಷ್ಟಿರಬೇಕು ಎಂಬುದನ್ನು ಆ ಫೋಟೋದ ಫೋಕಸ್ಸೇ ಹೇಳುತ್ತದೆ: ಹಳೆಯ ಬಾಕ್ಸ್ ಕ್ಯಾಮೆರಾದ ಮೆತ್ತಗಿನ ಚಿತ್ರದಲ್ಲಿ ಬ್ಲೇಡಿನಂಥ ಅಂಚು ಇಟ್ಟರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ತಪ್ಪದೆ ನೋಡಬೇಕಾದ ಜಾಗ ಸಂದುಗಳು. ಸೊಂಟದ ಮೇಲೆ ಕೈಯಿಟ್ಟು ನಿಂತ ಚಿಕ್ಕಪ್ಪನ ತೋಳಿನ ತ್ರಿಕೋನ, ಜುಮುಕಿಗೂ ಕೆನ್ನೆಗೂ ನಡುವಿನ ಕಿಂಡಿ, ಸೈಕಲ್ ಚಕ್ರದ ಕಡ್ಡಿಗಳು, ಜಡೆಗೂ ಬೆನ್ನಿಗೂ ನಡುವಿನ ಬಿರುಕು. ಅಲ್ಲಿ ಹಿನ್ನೆಲೆಯ ತುಣುಕು ಉಳಿದರೆ ಅದು ವ್ಯಕ್ತಿಯ ಜೊತೆಗೇ ಸರಿಯುತ್ತದೆ. ಸೈಕಲ್ ಕಡ್ಡಿ ಬಿಡಿಸುವ ತಾಳ್ಮೆ ಇಲ್ಲವೆಂದರೆ ಸೈಕಲ್ ಇರುವ ಫೋಟೋ ಆರಿಸಬೇಡಿ, ಅದೂ ಒಂದು ಉಪಾಯವೇ.

6. ದೂರ ತಳ್ಳಿದ್ದನ್ನು ಅಷ್ಟೇ ದೊಡ್ಡದು ಮಾಡಿ

1937ರಲ್ಲಿ ಡಿಸ್ನಿಯವರು 'ದಿ ಓಲ್ಡ್ ಮಿಲ್' ಕಿರುಚಿತ್ರಕ್ಕೂ 'ಸ್ನೋ ವೈಟ್'ಗೂ ಮಲ್ಟಿಪ್ಲೇನ್ ಕ್ಯಾಮೆರಾ ಬಳಸಿದಾಗ, ಗಾಜಿನ ಹಲಗೆಗಳ ಮೇಲೆ ಚಿತ್ರ ಬಿಡಿಸಿ, ಒಂದರ ಕೆಳಗೊಂದು ಬೇರೆ ಬೇರೆ ಅಂತರದಲ್ಲಿಟ್ಟು ಮೇಲಿನಿಂದ ಚಿತ್ರೀಕರಿಸುತ್ತಿದ್ದರು. ದೂರದ ಹಲಗೆ ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಅದರ ಮೇಲಿನ ಚಿತ್ರ ದೊಡ್ಡದಿರಬೇಕು. ನಮ್ಮ ಕಂಪ್ಯೂಟರ್‌ನಲ್ಲೂ ಅದೇ ಲೆಕ್ಕ.

ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್‌ನಲ್ಲಿ 1920 ಪಿಕ್ಸೆಲ್ ಅಗಲದ ಕಾಂಪೊಸಿಷನ್‌ಗೆ 50 ಎಂಎಂ ಕ್ಯಾಮೆರಾ ಹಾಕಿದರೆ ಅದು ಚಿತ್ರದಿಂದ ಸುಮಾರು 2667 ಪಿಕ್ಸೆಲ್ ದೂರದಲ್ಲಿ ಕೂರುತ್ತದೆ. ವ್ಯಕ್ತಿಯ ಪದರವನ್ನು ಝಡ್ (ಆಳದ) ಅಕ್ಷದ ಸೊನ್ನೆಯಲ್ಲೇ ಬಿಡಿ. ಹಿನ್ನೆಲೆಯನ್ನು 1333ಕ್ಕೆ ತಳ್ಳಿದರೆ ಅದರ ದೂರ 4000 ಆಯಿತು, ಅಂದರೆ ಒಂದೂವರೆ ಪಟ್ಟು. ಆದ್ದರಿಂದ ಸ್ಕೇಲ್ ಶೇ. 150. ಇನ್ನೂ ಹಿಂದೆ 2667ಕ್ಕೆ ಆಕಾಶವಿಟ್ಟರೆ ಶೇ. 200. ಮುಂದಿನ ಕೊಂಬೆಯನ್ನು ಕ್ಯಾಮೆರಾದ ಕಡೆಗೆ ಮೈನಸ್ 667ಕ್ಕೆ ಎಳೆದರೆ ಶೇ. 75. ಲೆಕ್ಕ ಸರಿಯಿದ್ದರೆ ಕ್ಯಾಮೆರಾ ಅಲುಗುವ ಮೊದಲು ಪರದೆಯ ಮೇಲೆ ಮೂಲ ಫೋಟೋ ಯಥಾವತ್ತು ಕಾಣಬೇಕು. ಕಾಣದಿದ್ದರೆ ಎಲ್ಲೋ ಒಂದು ಪದರದ ಸ್ಕೇಲ್ ತಪ್ಪಿದೆ, ಮುಂದಕ್ಕೆ ಹೋಗಬೇಡಿ.

7. ಮೊದಲು ಒರಟಾಗಿ ಓಡಿಸಿ, ತೂತು ಬಿದ್ದಷ್ಟನ್ನೇ ಮುಚ್ಚಿ

ಎಲ್ಲರೂ ಮಾಡುವುದು ಇದರ ಉಲ್ಟಾ. ವ್ಯಕ್ತಿಯನ್ನು ತೆಗೆದ ಕೂಡಲೇ ಆತನ ಹಿಂದಿದ್ದ ಬಾಗಿಲು, ತುಳಸಿಕಟ್ಟೆ, ಜಗಲಿ ಎಲ್ಲವನ್ನೂ ಫೋಟೋಶಾಪ್‌ನಲ್ಲಿ ಕೂತು ಪುನರ್‌ನಿರ್ಮಾಣ ಮಾಡುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಪರದೆಗೆ ಬರುವುದೇ ಇಲ್ಲ.

ಮೇಲಿನ ಲೆಕ್ಕವನ್ನೇ ಮುಂದುವರಿಸಿ. ಕ್ಯಾಮೆರಾ ಪಕ್ಕಕ್ಕೆ 100 ಪಿಕ್ಸೆಲ್ ಸರಿಯಿತು ಅಂದುಕೊಳ್ಳಿ. ವ್ಯಕ್ತಿ ಪರದೆಯ ಮೇಲೆ 100 ಪಿಕ್ಸೆಲ್ ಸರಿಯುತ್ತಾನೆ, ಒಂದೂವರೆ ಪಟ್ಟು ದೂರದ ಹಿನ್ನೆಲೆ ಸುಮಾರು 67. ವ್ಯತ್ಯಾಸ 33. ಅಂದರೆ ಆತನ ಒಂದು ಮಗ್ಗುಲಲ್ಲಿ ಹೊಸದಾಗಿ ತೆರೆದುಕೊಳ್ಳುವುದು 33 ಪಿಕ್ಸೆಲ್‌ನ ಪಟ್ಟಿ ಮಾತ್ರ. ತುಂಬಬೇಕಾದ್ದು ಅಷ್ಟೇ, ಜೊತೆಗೆ ಧೈರ್ಯಕ್ಕೆ ಇನ್ನಷ್ಟು. ಹಿನ್ನೆಲೆಗೆ ಇನ್ನೂ ಬಣ್ಣ ತುಂಬದೆ, ವ್ಯಕ್ತಿ ಇದ್ದ ಜಾಗಕ್ಕೆ ಗಾಢ ಹಸಿರು ಬಳಿದು ಒಮ್ಮೆ ಕ್ಯಾಮೆರಾ ಓಡಿಸಿ. ಹಸಿರು ಇಣುಕಿದ ಕಡೆ ಗುರುತು ಮಾಡಿಕೊಳ್ಳಿ. ಪಿಎಸ್‌ಡಿ ಫೈಲನ್ನು ಪದರಗಳ ಸಮೇತ ಒಳತಂದಿದ್ದರೆ, ಫೋಟೋಶಾಪ್‌ನಲ್ಲಿ ತಿದ್ದಿ ಸೇವ್ ಮಾಡಿದ್ದು ಆಫ್ಟರ್ ಎಫೆಕ್ಟ್ಸ್‌ನಲ್ಲೂ ಬದಲಾಗುತ್ತದೆ. ಮತ್ತೆ ಮತ್ತೆ ಜೋಡಿಸುವ ಗೋಳಿಲ್ಲ.

ತುಂಬುವಾಗ ಒಂದು ಎಚ್ಚರ. ವ್ಯಕ್ತಿಯ ಆಕಾರಕ್ಕೆ ಸರಿಯಾಗಿ ಸೆಲೆಕ್ಷನ್ ಹಾಕಿ ಕಂಟೆಂಟ್ ಅವೇರ್ ಫಿಲ್ ಒತ್ತಿದರೆ, ಅಂಚಿನಲ್ಲುಳಿದ ಸೀರೆಯ ಬಣ್ಣವನ್ನೇ ಅದು ಗೋಡೆಯೆಂದು ತಿಳಿದು ಒಳಗೆಲ್ಲ ಬಳಿಯುತ್ತದೆ. ಗೋಡೆಯ ಮೇಲೆ ಅಜ್ಜಿಯ ದೆವ್ವ ಮೂಡುತ್ತದೆ. ಸೆಲೆಕ್ಷನ್ನನ್ನು 10ರಿಂದ 20 ಪಿಕ್ಸೆಲ್ ಹಿಗ್ಗಿಸಿ ಆಮೇಲೆ ತುಂಬಿ. ಕಂಬ, ಬಾಗಿಲ ಚೌಕಟ್ಟಿನಂಥ ನೇರ ಗೆರೆಗಳನ್ನು ಕ್ಲೋನ್ ಸ್ಟಾಂಪ್‌ನಲ್ಲಿ ಕೈಯಾರೆ ಎಳೆಯುವುದೇ ವಾಸಿ, ಯಂತ್ರ ಅವನ್ನು ಡೊಂಕು ಮಾಡುತ್ತದೆ. 2023ರಿಂದ ಫೋಟೋಶಾಪ್‌ನಲ್ಲಿ ಜನರೇಟಿವ್ ಫಿಲ್ ಬಂದಿದೆ, ಗಿಂಪ್ ಬಳಸುವವರಿಗೆ ರೀಸಿಂಥಸೈಜರ್ ಪ್ಲಗಿನ್ ಇದೆ.

ಆದರೆ ಇತಿಹಾಸದ ಫೋಟೋ ಆಗಿದ್ದಲ್ಲಿ ಕೈ ಬಿಗಿಹಿಡಿಯಿರಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹಂಪಿಯನ್ನು ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಆತ ತೆಗೆದ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ, ಈಗಿನ ರಥದಲ್ಲಿ ಅದಿಲ್ಲ. ಇಂಥ ಚಿತ್ರದಲ್ಲಿ ಯಂತ್ರ ತನ್ನಿಷ್ಟದ ಕಂಬವನ್ನೋ ಕಳಶವನ್ನೋ ಹುಟ್ಟಿಸಿದರೆ ಸುಳ್ಳು ದಾಖಲೆ ತಯಾರಾಯಿತು ಅಂತಲೇ ಅರ್ಥ. ತುಂಬಲೇಬೇಕಾದರೆ ಪಕ್ಕದ ಆಕಾಶ, ಪಕ್ಕದ ಬಂಡೆ, ಅಷ್ಟೇ. ಅಷ್ಟರಲ್ಲಿ ಮುಗಿಯದಿದ್ದರೆ ಚಲನೆ ಕಡಿಮೆ ಮಾಡಿ.

8. ಅನುಮಾನವಿದ್ದರೆ ಒಳಕ್ಕೆ ನಡೆಯಿರಿ

ಕ್ಯಾಮೆರಾ ಮುಂದಕ್ಕೆ ಹೋಗುವಾಗ ಹತ್ತಿರದ ಪದರ ದೂರದ್ದಕ್ಕಿಂತ ಬೇಗ ದೊಡ್ಡದಾಗುತ್ತದೆ. ನಮ್ಮ ಅದೇ ಲೆಕ್ಕದಲ್ಲಿ 200 ಪಿಕ್ಸೆಲ್ ಮುಂದಕ್ಕೆ ಹೋದರೆ ವ್ಯಕ್ತಿ ಸುಮಾರು ಶೇ. 8ರಷ್ಟು ಹಿಗ್ಗುತ್ತಾನೆ, ಹಿನ್ನೆಲೆ ಶೇ. 5ರಷ್ಟು. ಅಂದರೆ ಫ್ರೇಮಿನ ನಡುವೆ ನಿಂತವನು ತನ್ನ ಹಿಂದಿನ ತೂತನ್ನು ತಾನೇ ಇನ್ನಷ್ಟು ಮುಚ್ಚಿಕೊಳ್ಳುತ್ತಾನೆ! ತುಂಬುವ ಕೆಲಸವೇ ಇಲ್ಲ ಅನ್ನುವಷ್ಟು ಕಡಿಮೆ. ಗಡುವು ನಾಳೆ ಬೆಳಗ್ಗೆ ಇದ್ದಾಗ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ವ್ಯಕ್ತಿ ಫ್ರೇಮಿನ ಬದಿಯಲ್ಲಿದ್ದರೆ ಮಾತ್ರ ನಡುವಿನ ಕಡೆಯ ಅಂಚಿನಲ್ಲಿ ಸ್ವಲ್ಪ ಬಾಯಿ ಬಿಡುತ್ತದೆ, ಅಷ್ಟು ಮುಚ್ಚಿ. ಹಿಂದಕ್ಕೆ ಬರುವ ಶಾಟ್ ಬೇಕಿದ್ದರೆ ಹತ್ತಿರದಿಂದ ಶುರುಮಾಡಿ ಮೂಲ ಫೋಟೋದ ಸ್ಥಾನಕ್ಕೆ ಬಂದು ನಿಲ್ಲಿಸಿ. ಮೂಲ ಸ್ಥಾನದಿಂದ ಹಿಂದಕ್ಕೆ ಹೊರಟಿರೋ, ವ್ಯಕ್ತಿಯ ಸುತ್ತಲೂ ತೂತು, ಫೋಟೋದ ನಾಲ್ಕೂ ಅಂಚು ಬಯಲು.

ಪಕ್ಕಕ್ಕೆ ಸರಿಯುವ ಶಾಟ್ ಕಣ್ಣಿಗೆ ಹೆಚ್ಚು ಚೆಂದ ಎಂಬುದು ನಿಜ. ಅದನ್ನು ಕಂಬಗಳ ಸಾಲು, ಅಡಿಕೆ ತೋಟ, ಜಾತ್ರೆಯ ಜನಸಂದಣಿ ಇರುವ ಫೋಟೋಗಳಿಗೆ ಎತ್ತಿಡಿ.

9. ನಡಿಗೆ ಮೊದಲೇ ಶುರುವಾಗಿರಲಿ

ಪಾಠ ಹೇಳುವವರೆಲ್ಲ 'ಚಲನೆಯ ಆರಂಭ, ಕೊನೆಯ ಎರಡೂ ಕೀಫ್ರೇಮ್‌ಗೆ ಎಫ್9 ಒತ್ತಿ ಈಸಿ ಈಸ್ ಹಾಕಿ' ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಂದು ಫೋಟೋ ಕಟ್ ಆಗಿ ಇನ್ನೊಂದು ಬರುವ ವಿಡಿಯೋದಲ್ಲಿ ಪ್ರತಿ ಫೋಟೋವೂ ನಿಂತು, ಹೊರಟು, ಮತ್ತೆ ನಿಂತರೆ ಊರಿಗೊಂದು ಸ್ಟಾಪ್ ಕೊಡುವ ಬಸ್ಸಿನಲ್ಲಿ ಕೂತಷ್ಟು ಬೇಸರ. ಮೊದಲ ಕೀಫ್ರೇಮನ್ನು ಶಾಟ್ ಶುರುವಾಗುವ ಮೊದಲೇ, ಕೊನೆಯದನ್ನು ಶಾಟ್ ಮುಗಿದ ಮೇಲೆ ಇಡಿ. ಕಣ್ಣಿಗೆ ಬೀಳುವಾಗ ಫೋಟೋ ಆಗಲೇ ಚಲಿಸುತ್ತಿರುತ್ತದೆ, ಚಲಿಸುತ್ತಲೇ ಹೋಗುತ್ತದೆ. ಚಲನೆ ಪರದೆಯ ಮೇಲೆಯೇ ಆರಂಭವಾಗಿ ಅಲ್ಲೇ ನಿಲ್ಲಬೇಕಾದಾಗ ಮಾತ್ರ ಈಸ್ ಬೇಕು.

ಅವಧಿ ಐದರಿಂದ ಏಳು ಸೆಕೆಂಡು. ಸೆಕೆಂಡಿಗೆ 25 ಫ್ರೇಮ್ ಆದರೆ ಆರು ಸೆಕೆಂಡಿಗೆ 150 ಫ್ರೇಮ್. ಅಷ್ಟರಲ್ಲಿ 100 ಪಿಕ್ಸೆಲ್ ಸರಿದರೆ ಫ್ರೇಮಿಗೆ ಒಂದು ಪಿಕ್ಸೆಲ್ಲೂ ಇಲ್ಲ. ಇಷ್ಟು ನಿಧಾನದಲ್ಲಿ ಚೌಕುಳಿ ಸೀರೆ, ಕಿಟಕಿಯ ಸರಳುಗಳು ಮಿಣಮಿಣ ಅನ್ನತೊಡಗುತ್ತವೆ. ಫೋಟೋವನ್ನು ಅತಿಯಾಗಿ ಶಾರ್ಪನ್ ಮಾಡಿದ್ದರೆ ಇನ್ನೂ ಜಾಸ್ತಿ. ಆ ಜಾಗಕ್ಕೆ ಮಾತ್ರ ಅರ್ಧ ಪಿಕ್ಸೆಲ್ ಬ್ಲರ್ ಕೊಟ್ಟರೆ ಅಡಗುತ್ತದೆ.

10. ಗ್ರೇನ್ ಕೊನೆಗೆ, ಎಲ್ಲದರ ಮೇಲೆ ಒಂದೇ ಸಲ

ಹಳೆಯ ಫೋಟೋದಲ್ಲಿ ಕಣಕಣ ಇರುತ್ತದೆ, ನೀವು ತುಂಬಿದ ಪಟ್ಟಿ ನುಣ್ಣಗಿರುತ್ತದೆ. ಎಲ್ಲ ಪದರಗಳ ಮೇಲೊಂದು ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ ತೆಳುವಾಗಿ ಗ್ರೇನ್ ಕೊಡಿ. ತೇಪೆ ಅಡಗುತ್ತದೆ.

11. ಬಿಟ್ಟಿ ಸಿಕ್ಕಿತೆಂದು ಎಲ್ಲ ಸುರಿಯಬೇಡಿ

ತೇಲುವ ಧೂಳು, ಹೊಗೆ, ಲೆನ್ಸ್ ಫ್ಲೇರ್, ಹಾರುವ ಹಕ್ಕಿ ಇವೆಲ್ಲ ಸ್ಟಾಕ್ ಫೂಟೇಜ್‌ನಲ್ಲಿ ಸಿಗುತ್ತವೆ. ಒಲೆ ಉರಿಯುತ್ತಿರುವ ಫೋಟೋಗೆ ಹೊಗೆ ಹಾಕಿ, ಒಪ್ಪುತ್ತದೆ. ಫೋಟೋ ಸ್ಟುಡಿಯೋದಲ್ಲಿ ತೆಗೆದ ಪಾಸ್‌ಪೋರ್ಟ್ ಚಿತ್ರಕ್ಕೆ ಮಂಜು ಯಾಕೆ?

ಮುಖಗಳ ವಿಷಯದಲ್ಲಿ ಇನ್ನೂ ಹುಷಾರು. ಪಪೆಟ್ ಪಿನ್ ಹಾಕಿ ಸೆರಗಿನ ತುದಿ ತುಸು ಅಲುಗಿಸಬಹುದು. ಕಣ್ಣು ಮಿಟುಕಿಸುವುದು, ನಗಿಸುವುದು ಬೇರೆಯೇ ವಿದ್ಯೆ. 2021ರಲ್ಲಿ ಮೈಹೆರಿಟೇಜ್‌ನ 'ಡೀಪ್ ನಾಸ್ಟಾಲ್ಜಿಯಾ' ಬಂದಾಗ ಹಲವರಿಗೆ ಅದು ಹಿತವಾಯಿತು, ಹಲವರಿಗೆ ಮೈ ಜುಮ್ಮೆಂದಿತು. ವರ್ಷಾಬ್ದಿಕದ ದಿನ ತೋರಿಸುವ ವಿಡಿಯೋದಲ್ಲಿ ತೀರಿಕೊಂಡವರು ತಲೆಯಾಡಿಸಬೇಕೋ ಬೇಡವೋ ಎಂಬುದನ್ನು ಎಡಿಟರ್ ತೀರ್ಮಾನಿಸಬಾರದು. ಮನೆಯವರನ್ನು ಕೇಳಿ, ಅದೂ ಒಬ್ಬರನ್ನಲ್ಲ.

12. ದುಡ್ಡಿಲ್ಲದಿದ್ದರೂ ಆಗುತ್ತದೆ

ಆಫ್ಟರ್ ಎಫೆಕ್ಟ್ಸ್‌ಗೆ ತಿಂಗಳ ಚಂದಾ ಕಟ್ಟಬೇಕು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿರುವ ಫ್ಯೂಷನ್ ಪುಟದಲ್ಲೂ ಇದೇ ಕೆಲಸ ಮಾಡಬಹುದು: ಒಂದೊಂದು ಪದರಕ್ಕೊಂದು ಇಮೇಜ್ ಪ್ಲೇನ್ 3ಡಿ, ಎಲ್ಲವನ್ನೂ ಕೂಡಿಸುವ ಮರ್ಜ್ 3ಡಿ, ಅದಕ್ಕೊಂದು ಕ್ಯಾಮೆರಾ 3ಡಿ, ಕೊನೆಗೆ ರೆಂಡರರ್ 3ಡಿ. 3840×2160ರವರೆಗೆ ಎಕ್ಸ್‌ಪೋರ್ಟ್ ಕೂಡ ಉಚಿತವೇ. ಬ್ಲೆಂಡರ್ ಪೂರ್ತಿ ಉಚಿತ, ಪಿಎನ್‌ಜಿಗಳನ್ನು ನೇರವಾಗಿ ಹಲಗೆಗಳಾಗಿ ಒಳತರುತ್ತದೆ.

ಮೊಬೈಲ್ ಆ್ಯಪ್‌ಗಳು ಒಂದೇ ಒತ್ತಿಗೆ ಮಾಡಿಕೊಡುತ್ತವೆ. ಗೂಗಲ್ ಫೋಟೋಸ್ ಕೂಡ ತಾನೇ ಇಂಥ ಸಿನಿಮ್ಯಾಟಿಕ್ ಫೋಟೋ ಮಾಡಿ ತೋರಿಸುತ್ತದೆ. ಅವು ಪದರ ಕತ್ತರಿಸುವುದಿಲ್ಲ. ಯಾವುದು ಎಷ್ಟು ದೂರ ಎಂದು ಊಹಿಸಿ ಡೆಪ್ತ್ ಮ್ಯಾಪ್ ತಯಾರಿಸುತ್ತವೆ, ಅದರ ಪ್ರಕಾರ ಚಿತ್ರವನ್ನು ಎಳೆಯುತ್ತವೆ. ಕಿವಿ, ಬೆರಳು, ಕನ್ನಡಕದ ಕಡ್ಡಿಯ ಹತ್ತಿರ ನೋಡಿ, ಹಿನ್ನೆಲೆ ಜಗ್ಗಿರುತ್ತದೆ. ವಾಟ್ಸಾಪ್ ಸ್ಟೇಟಸ್‌ಗೆ ಅದು ಧಾರಾಳವಾಯಿತು. ಕಲ್ಯಾಣ ಮಂಟಪದ ಎಲ್‌ಇಡಿ ಗೋಡೆಯ ಮೇಲೆ ಹಾಕುವುದಾದರೆ ಕೂತು ಕೈಯಾರೆ ಕತ್ತರಿಸಿ.

13. ಎಲ್ಲ ಫೋಟೋಗೂ ಬೇಡ

ಮೂರು ನಿಮಿಷದ ವಿಡಿಯೋಗೆ ಮೂರೋ ನಾಲ್ಕೋ ಪ್ಯಾರಲಾಕ್ಸ್ ಶಾಟ್ ಸಾಕು. ಉಳಿದವಕ್ಕೆ ಸಾದಾ ಝೂಮ್, ಕೆಲವಕ್ಕೆ ಅದೂ ಬೇಡ. ಸಾದಾ ಚಲನೆಗೂ ಬಲವಿದೆ: ಕೆನ್ ಬರ್ನ್ಸ್‌ಗೆ ದಾರಿ ತೋರಿದ್ದು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ 1957ರ 'ಸಿಟಿ ಆಫ್ ಗೋಲ್ಡ್'. ಚಿನ್ನದ ಬೇಟೆಗೆ ಕ್ಲೋಂಡೈಕ್‌ಗೆ ಮುಗಿಬಿದ್ದವರ ಹಳೆಯ ಫೋಟೋಗಳ ಮೇಲೆ ಕ್ಯಾಮೆರಾ ಸರಿದಾಡಿಸಿ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ಮಾಡಿದ ಚಿತ್ರವದು. ಇಂದಿಗೂ ನೋಡಿಸಿಕೊಂಡು ಹೋಗುತ್ತದೆ. ಪ್ಯಾರಲಾಕ್ಸ್‌ಗೆ ತಕ್ಕ ಜಾಗ ಕಥೆ ತಿರುಗುವ ಕಡೆ: ಅಮ್ಮ ಮೊದಲ ಸಲ ಊರುಬಿಟ್ಟ ರೈಲು ನಿಲ್ದಾಣ, ಅಂಗಡಿ ತೆರೆದ ದಿನ, ಮೊಮ್ಮಗಳನ್ನು ಎತ್ತಿಕೊಂಡ ಗಳಿಗೆ.

14. ಪದರಗಳಿಗೆ ಹೆಸರಿಟ್ಟು ಫೈಲ್ ಕಾಪಾಡಿ

'ಲೇಯರ್ 7 ಕಾಪಿ 2' ಅಲ್ಲ. 'ಅಜ್ಜಿ', 'ತುಳಸಿಕಟ್ಟೆ', 'ನೆಲ', 'ಹಿಂದಿನ ಮನೆ'. ಪಿಎಸ್‌ಡಿ, ಸ್ಕ್ಯಾನ್ ಮಾಡಿದ ಮೂಲ ಟಿಫ್, ಪ್ರಾಜೆಕ್ಟ್ ಫೈಲ್ ಮೂರೂ ಒಂದೇ ಫೋಲ್ಡರ್‌ನಲ್ಲಿರಲಿ, ಇನ್ನೊಂದು ಡಿಸ್ಕಿನಲ್ಲಿ ಅದರ ನಕಲಿರಲಿ. ಸಮಾರಂಭದ ಹಿಂದಿನ ರಾತ್ರಿ ಹತ್ತೂವರೆಗೆ ಫೋನ್ ಬಂದೇ ಬರುತ್ತದೆ: 'ಸರ್, ದೊಡ್ಡಪ್ಪ ಬೇಜಾರು ಮಾಡ್ಕೊಂಡಿದ್ದಾರೆ, ಆ ಜಗಲಿ ಫೋಟೋದಲ್ಲಿ ಬಲಗಡೆ ಅವರೂ ಇದ್ರಂತೆ, ಕಟ್ ಆಗಿಬಿಟ್ಟಿದೆ.'